ಫೋನ್ ಎತ್ತುವವರ ಖಾನೆ: ಒಂದು ಸಹಕಾರಿಯ ಸರ್ವರ್‌ಗಳಿಗೆ ಲಿನಕ್ಸ್ ಆರಿಸಿದ ಪ್ರಕರಣ

ಈ ಪ್ರಕರಣದಲ್ಲಿ ಬರುವ ಸಂಸ್ಥೆಯ ಹೆಸರು, ಊರು, ಶಾಖೆಗಳ ಸಂಖ್ಯೆ, ಜನರ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಬದಲಿಸಿಲ್ಲ, ಬದಲಿಸಿದರೆ ಬರೆದು ಉಪಯೋಗವೂ ಇಲ್ಲ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಇಲ್ಲಿ ಆದ ಎರಡು ದೊಡ್ಡ ತಪ್ಪುಗಳಲ್ಲಿ ಒಂದು ನಾನೇ ಮಾಡಿದ್ದು.

ಹಿನ್ನೆಲೆ

ಗದಗ ಜಿಲ್ಲೆಯ ಒಂದು ಸೌಹಾರ್ದ ಸಹಕಾರಿ. ಗದಗ, ಹಾವೇರಿ, ಧಾರವಾಡ ಮೂರೂ ಜಿಲ್ಲೆ ಸೇರಿ 23 ಶಾಖೆಗಳು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಆಡಳಿತ ಮಂಡಳಿಯ ಸಭೆಯಲ್ಲಿ ಯಾರಾದರೂ ಒಬ್ಬರು ಆ ಮಾತು ತೆಗೆಯದೆ ಸಭೆ ಮುಗಿಯುವುದಿಲ್ಲ. ಇಲ್ಲಿ ಮುಂಗಡ, ಠೇವಣಿ, ಬಂಗಾರದ ಸಾಲ ಎಲ್ಲ ಇದೆ. ಆದರೆ ಸಹಕಾರಿಯ ದಿನದ ಉಸಿರು ಪಿಗ್ಮಿ. ಅರವತ್ತೊಂದು ಏಜೆಂಟರು ಅಂಗಡಿ ಅಂಗಡಿ ತಿರುಗಿ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದಲ್ಲಿ ಚೀಟಿ ಹರಿದು ಕೊಟ್ಟು, ಸಂಜೆ ಆ ಲೆಕ್ಕವನ್ನು ಸಿಮ್ ಮೂಲಕ ಸರ್ವರ್‌ಗೆ ಕಳಿಸುತ್ತಾರೆ. ಅದು ಬಂದ ಮೇಲೆಯೇ ರಾತ್ರಿಯ ಡೇ ಎಂಡ್, ಅಂದರೆ ಆ ದಿನದ ಲೆಕ್ಕ ಮುಚ್ಚುವ ಕೆಲಸ.

2019ರವರೆಗೆ ಸರ್ವರ್ ಮುಖ್ಯ ಕಚೇರಿಯ ಹಿಂದಿನ ಕೋಣೆಯಲ್ಲಿತ್ತು. ಕರೆಂಟು ಹೋದರೆ ಯುಪಿಎಸ್, ಯುಪಿಎಸ್ ಸತ್ತರೆ ಜನರೇಟರ್, ಜನರೇಟರ್‌ಗೆ ಡೀಸೆಲ್ ಹಾಕಲು ಸಿಪಾಯಿ. ಆ ವರ್ಷ ಎಲ್ಲವನ್ನೂ ಮುಂಬೈಯಲ್ಲಿರುವ ಕ್ಲೌಡ್‌ಗೆ ಸಾಗಿಸಿದೆವು. ಒಂಬತ್ತು ಯಂತ್ರ, ಒಂಬತ್ತರಲ್ಲೂ ಸೆಂಟ್‌ಓಎಸ್ 7 ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಬ್ಯಾಂಕಿಂಗ್ ತಂತ್ರಾಂಶ ಹುಬ್ಬಳ್ಳಿಯದೇ ಇನ್ನೊಂದು ಕಂಪನಿ ಜಾವಾದಲ್ಲಿ ಬರೆದದ್ದು. ಹಣ ವರ್ಗಾವಣೆಗೆ ಪ್ರಾಯೋಜಕ ಬ್ಯಾಂಕಿನ ಜೊತೆ ಮಾತಾಡುವ ಒಂದು ಕೊಂಡಿ ತಂತ್ರಾಂಶವಿತ್ತು. ಅದರ ಸೋರ್ಸ್ (ಮೂಲ ಕೋಡ್) ನಮಗೆ ಸಿಗುವುದಿಲ್ಲ, ಅದನ್ನು ಮಾಡಿದ ಕಂಪನಿ ಹೇಳಿದ ಹಾಗೆಯೇ ನಡೆಸಬೇಕು.

ಆಗ ಸೆಂಟ್‌ಓಎಸ್ ಅನ್ನು ಯಾಕೆ ಆರಿಸಿದಿರಿ ಎಂದು ಯಾರೂ ಕೇಳಲಿಲ್ಲ. ನಾವೂ ಆರಿಸಿರಲಿಲ್ಲ, ಅದು ಬಂದುಬಿಟ್ಟಿತ್ತು. ಹಣ ಪಡೆದು ಬೆಂಬಲ ಕೊಡುವ ರೆಡ್ ಹ್ಯಾಟ್ ಲಿನಕ್ಸ್‌ನ ಪಡಿಯಚ್ಚು, ದುಡ್ಡಿಲ್ಲ, ಹತ್ತು ವರ್ಷ ಬಾಳಿಕೆ. ಇಲ್ಲಿನ ಹುಡುಗರೆಲ್ಲ ಕಲಿತದ್ದೂ ಅದನ್ನೇ.

ಗಡುವು

2020ರ ಡಿಸೆಂಬರ್ 8ರಂದು ಸೆಂಟ್‌ಓಎಸ್ ಯೋಜನೆ ಒಂದು ಪ್ರಕಟಣೆ ಹೊರಡಿಸಿತು. 2029ರವರೆಗೆ ಬಾಳಬೇಕಿದ್ದ 8ನೇ ಆವೃತ್ತಿ 2021ರ ಡಿಸೆಂಬರ್ 31ಕ್ಕೇ ಮುಗಿಯುತ್ತದೆ, ಮುಂದೆ ಇರುವುದು ಸೆಂಟ್‌ಓಎಸ್ ಸ್ಟ್ರೀಮ್ ಮಾತ್ರ ಎಂದು. ಸ್ಟ್ರೀಮ್ ಎಂದರೆ ರೆಡ್ ಹ್ಯಾಟ್‌ನ ಮುಂದಿನ ಸಣ್ಣ ಆವೃತ್ತಿಗೆ ಸೇರಲಿರುವ ಬದಲಾವಣೆಗಳು ಮೊದಲು ಬಂದಿಳಿಯುವ ಜಾಗ. ನಾವು 7ರಲ್ಲೇ ಉಳಿದಿದ್ದೆವು. ಅದು ಜಾಣತನವಲ್ಲ, ಸೋಮಾರಿತನ. ಆದರೂ ಬಚಾವಾದೆವು. 7ಕ್ಕೆ 2024ರ ಜೂನ್ 30ರವರೆಗೆ ಆಯುಷ್ಯವಿತ್ತು.

2023ರ ನವೆಂಬರ್‌ನಲ್ಲಿ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಒಂದು ಸಾಲು ಬರೆದರು: ಆಪರೇಟಿಂಗ್ ಸಿಸ್ಟಂನ ಬೆಂಬಲ ಮುಗಿಯಲಿದೆ, ಕ್ರಮ ಏನು? ಮುಖ್ಯ ಕಾರ್ಯನಿರ್ವಾಹಕರು ಅದರ ಕೆಳಗೆ ಗೆರೆ ಎಳೆದು ನಮಗೆ ಕಳಿಸಿದರು. ಕೈಯಲ್ಲಿದ್ದದ್ದು ಎಂಟು ತಿಂಗಳು. ಅದರಲ್ಲಿ ಮಾರ್ಚ್ 15ರಿಂದ ಏಪ್ರಿಲ್ 10ರವರೆಗೆ ವರ್ಷಾಂತ್ಯದ ಲೆಕ್ಕ, ಆ ದಿನಗಳಲ್ಲಿ ಸರ್ವರ್ ಕಡೆ ಕೈ ಹಾಕುವ ಹಾಗಿಲ್ಲ.

ಪಟ್ಟಿ, ಮತ್ತು ಪಟ್ಟಿಯಲ್ಲಿ ಇಲ್ಲದ ಖಾನೆ

ನಾವು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವುದೇ: ಒಂದು ಎಕ್ಸೆಲ್ ಹಾಳೆ. ರೆಡ್ ಹ್ಯಾಟ್, ಸೂಸೆ, ಒರಾಕಲ್ ಲಿನಕ್ಸ್, ಉಬುಂಟು, ಆಲ್ಮಾ, ರಾಕಿ, ಜೊತೆಗೆ ಕ್ಲೌಡ್ ಕಂಪನಿಯದೇ ಲಿನಕ್ಸ್. ಎದುರಿಗೆ ಬೆಲೆ, ಬಾಳಿಕೆ, ಕರ್ನಲ್ ಆವೃತ್ತಿ, ಪ್ಯಾಕೇಜ್ ಬಗೆ. ಆರು ವಾರ ಈ ಹಾಳೆಯ ಸುತ್ತ ವಾದ ಮಾಡಿದೆವು.

ವಾದದ ದೊಡ್ಡ ಪಾಲು ಪಡಿಯಚ್ಚುಗಳ ಬಗ್ಗೆ. ಸೆಂಟ್‌ಓಎಸ್ ಹೋದ ಮೇಲೆ ಆಲ್ಮಾ 2021ರ ಮಾರ್ಚ್‌ನಲ್ಲಿ, ರಾಕಿ ಜೂನ್‌ನಲ್ಲಿ ಬಂದವು. ಎರಡೂ ಉಚಿತ. ಆದರೆ 2023ರ ಜೂನ್ 21ರಂದು ರೆಡ್ ಹ್ಯಾಟ್ ತನ್ನ ಸೋರ್ಸ್ ಅನ್ನು ಸಾರ್ವಜನಿಕವಾಗಿ ಇನ್ನು ಸ್ಟ್ರೀಮ್ ಮೂಲಕ ಮಾತ್ರ ಕೊಡುವುದಾಗಿ ಹೇಳಿತು. ಆಮೇಲೆ ಆಲ್ಮಾ ದಾರಿ ಬದಲಿಸಿತು: ಇನ್ನು ಅಚ್ಚು ಅಚ್ಚಿಗೆ ನಕಲಲ್ಲ, ರೆಡ್ ಹ್ಯಾಟ್‌ನಲ್ಲಿ ಓಡುವ ತಂತ್ರಾಂಶ ಇದರಲ್ಲೂ ಓಡುತ್ತದೆ ಎಂಬಷ್ಟು ಹೊಂದಾಣಿಕೆ ಸಾಕು ಎಂದಿತು. ರಾಕಿ ಹಿಂದಿರುವ ಕಂಪನಿ, ಒರಾಕಲ್, ಸೂಸೆ ಮೂರೂ ಸೇರಿ ಅದೇ ಆಗಸ್ಟ್‌ನಲ್ಲಿ ಓಪನ್‌ಇಎಲ್‌ಎ ಎಂಬ ಕೂಟ ಕಟ್ಟಿದವು. ನಮ್ಮ ತಂಡದ ಹುಡುಗರು ಇದನ್ನೆಲ್ಲ ರಾಜಕೀಯ ಚರ್ಚೆಯ ಉತ್ಸಾಹದಲ್ಲಿ ಚರ್ಚಿಸಿದರು. ಸಹಕಾರಿಗೆ ಇದರಿಂದ ತಿಳಿಯಬೇಕಿದ್ದದ್ದು ಒಂದೇ: ಉಚಿತ ಪಡಿಯಚ್ಚಿನ ಭವಿಷ್ಯ ಇನ್ನೊಬ್ಬರ ತೀರ್ಮಾನದ ಮೇಲೆ ನಿಂತಿದೆ. ಒಮ್ಮೆ ಪೆಟ್ಟು ಬಿದ್ದಾಗಿದೆ.

ಜನವರಿಯಲ್ಲಿ ಆಡಳಿತ ಮಂಡಳಿಯ ಮುಂದೆ ಹಾಳೆ ಇಟ್ಟೆವು. ಮುಖ್ಯ ಕಾರ್ಯನಿರ್ವಾಹಕರು ಕಂಪ್ಯೂಟರ್ ಓದಿದವರಲ್ಲ. ಕ್ಲಾರ್ಕ್ ಆಗಿ ಸೇರಿ ಮೇಲೆ ಬಂದವರು. ಹಾಳೆಯನ್ನು ಎರಡು ಸಲ ನೋಡಿ ಕೇಳಿದರು: "ಎಲ್ಲಾ ಛಲೋ ಐತ್ರಿ. ಆದ್ರ ರಾತ್ರಿ ಹತ್ತಕ್ಕ ಡೇ ಎಂಡ್ ನಿಂತ್ರ ಫೋನ್ ಯಾರಿಗೆ ಮಾಡೂದು? ಎತ್ತೋರು ಯಾರು? ಅದೊಂದು ಖಾನೆನ ಇಲ್ಲಲ್ರಿ ಇದ್ರಾಗ."

ನಿಜಕ್ಕೂ ಇರಲಿಲ್ಲ. ಆ ಖಾನೆ ಹಾಕಿದ ಮೇಲೆ ಹಾಳೆ ಬೇರೆಯೇ ಆಯಿತು.

ರೆಡ್ ಹ್ಯಾಟ್‌ಗೆ ಹಣ ಕೊಟ್ಟರೂ ಸ್ಟ್ಯಾಂಡರ್ಡ್ ದರ್ಜೆಯಲ್ಲಿ ಫೋನ್ ಎತ್ತುವುದು ಕಚೇರಿ ವೇಳೆಯಲ್ಲಿ. ರಾತ್ರಿ ಹತ್ತಕ್ಕೂ ಎತ್ತಬೇಕೆಂದರೆ ಪ್ರೀಮಿಯಂ ಬೇಕು. ಕ್ಲೌಡ್ ಕಂಪನಿಯಿಂದಲೇ ಗಂಟೆ ಲೆಕ್ಕದಲ್ಲಿ ಕೊಂಡರೆ ಮೊದಲ ಕರೆ ಸಾಮಾನ್ಯವಾಗಿ ಕ್ಲೌಡ್ ಕಂಪನಿಗೆ ಹೋಗುತ್ತದೆ, ಅಲ್ಲಿ ಬಗೆಹರಿಯದಿದ್ದರೆ ಮುಂದಕ್ಕೆ. ಅಂದರೆ ಕ್ಲೌಡ್‌ನ ಬೆಂಬಲದ ಚಂದಾವೂ ಬೇಕು. ಆಲ್ಮಾ, ರಾಕಿಗಳಿಗೆ ಹಣ ಪಡೆದು ಬೆಂಬಲ ಕೊಡುವ ಕಂಪನಿಗಳಿವೆ. ಆದರೆ ಕೊಂಡಿ ತಂತ್ರಾಂಶದವರು ಒಪ್ಪುವ ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು, ರೆಡ್ ಹ್ಯಾಟ್ 8 ಮತ್ತು ಸೂಸೆ 15. ಬೇರೆಯದರ ಮೇಲೆ ಹಾಕಿದರೆ ತೊಂದರೆ ಬಂದಾಗ ಅವರ ಮೊದಲ ಉತ್ತರ "ಆಪರೇಟಿಂಗ್ ಸಿಸ್ಟಂ ಬದಲಿಸಿ ಆಮೇಲೆ ಕರೆ ಮಾಡಿ" ಎಂದಿರುತ್ತದೆ. ಆ ಒಂದು ಸಾಲು ನಮ್ಮ ಆರು ವಾರದ ವಾದದಲ್ಲಿ ಅರ್ಧವನ್ನು ಗುಡಿಸಿ ಹಾಕಿತು. ಮೊದಲೇ ಕೇಳಿದ್ದರೆ ಆರು ವಾರ ಉಳಿಯುತ್ತಿತ್ತು.

ಉಬುಂಟು ಬಿದ್ದುಹೋದದ್ದು ಹೀಗೆ. ಪ್ರೊ ಚಂದಾ ಇದ್ದರೆ ಹತ್ತು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತದೆ, ತಂತ್ರಾಂಶ ಬರೆಯುವವರ ಲ್ಯಾಪ್‌ಟಾಪ್‌ನಲ್ಲಿ ಇರುವುದೂ ಅದೇ. ಆದರೂ ಆ ಪಟ್ಟಿಯಲ್ಲಿ ಇಲ್ಲದ್ದರಿಂದ ಬೇಡವೆನಿಸಿತು. ಸೂಸೆ ಒಳ್ಳೆಯ ವ್ಯವಸ್ಥೆ, ಸ್ಯಾಪ್ ಎಂಬ ಉದ್ದಿಮೆ ತಂತ್ರಾಂಶ ನಡೆಸುವ ದೊಡ್ಡ ಕಂಪನಿಗಳು ಅದನ್ನೇ ಹಿಡಿಯುತ್ತವೆ. ಆದರೆ ನಾಳೆ ನಾನು ಕೆಲಸ ಬಿಟ್ಟರೆ ಹುಬ್ಬಳ್ಳಿ-ಧಾರವಾಡದಲ್ಲಿ ಸೂಸೆ ಬಲ್ಲ ಇನ್ನೊಬ್ಬನನ್ನು ಹುಡುಕುವುದು ಕಷ್ಟ. ರೆಡ್ ಹ್ಯಾಟ್ ಕಲಿತವರು ವಿದ್ಯಾನಗರದ ಒಂದೊಂದು ಓಣಿಯಲ್ಲೂ ಸಿಗುತ್ತಾರೆ. ಒರಾಕಲ್ ಲಿನಕ್ಸ್ ಬಿಟ್ಟದ್ದಕ್ಕೆ, ನಿಜ ಹೇಳಬೇಕೆಂದರೆ, ತಾಂತ್ರಿಕ ಕಾರಣ ಇರಲೇ ಇಲ್ಲ. ಅದು ಉಚಿತವಾಗಿ ಸಿಗುತ್ತದೆ, ಬೇಕಾದರೆ ಬೆಂಬಲವನ್ನೂ ಕೊಳ್ಳಬಹುದು, ಅದನ್ನು ಇನ್ನಷ್ಟು ನ್ಯಾಯವಾಗಿ ನೋಡಬೇಕಿತ್ತು. ಕ್ಲೌಡ್ ಕಂಪನಿಯದೇ ಲಿನಕ್ಸ್ ಹಿಡಿದರೆ ನಾಳೆ ಕ್ಲೌಡ್ ಬದಲಿಸುವಾಗ ಇದೇ ಕಥೆ ಮತ್ತೆ ಮೊದಲಿನಿಂದ.

ಕೊನೆಗೆ ಠರಾವು ಆದದ್ದು ಒಂದೇ ಹೆಸರಿನ ಮೇಲಲ್ಲ. ಎಲ್ಲ ಯಂತ್ರಕ್ಕೂ ಒಂದೇ ವ್ಯವಸ್ಥೆ ಇರಬೇಕು ಎಂಬುದು ನಮ್ಮ ಹಟವಾಗಿತ್ತು. ಅದನ್ನು ಬಿಟ್ಟ ಮೇಲೆ ಲೆಕ್ಕ ಹೊಂದಿತು. ಯಾವ ಯಂತ್ರ ನಿಂತರೆ ಸಹಕಾರಿ ನಿಲ್ಲುತ್ತದೋ, ಮತ್ತು ಕೆಟ್ಟರೆ ನಾವೇ ಹೊಸದಾಗಿ ಕಟ್ಟಿಕೊಳ್ಳಲು ಆಗುವುದಿಲ್ಲವೋ, ಅದಕ್ಕೆ ಹಣ. ಡೇಟಾಬೇಸ್‌ನ ಎರಡು ಯಂತ್ರಕ್ಕೆ ರೆಡ್ ಹ್ಯಾಟ್ 9, ಪ್ರೀಮಿಯಂ. ಕೊಂಡಿ ತಂತ್ರಾಂಶದ ಎರಡಕ್ಕೆ ರೆಡ್ ಹ್ಯಾಟ್ 8. ಜಾವಾ ತಂತ್ರಾಂಶ ಓಡುವ ಮೂರು, ವರದಿಗಳ ಒಂದು, ಬ್ಯಾಕಪ್ ಮತ್ತು ಲಾಗ್‌ನ ಒಂದು, ಇವಕ್ಕೆ ಆಲ್ಮಾ 9. ಇವುಗಳಲ್ಲಿ ಯಾವುದು ಹೋದರೂ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಎಬ್ಬಿಸಬಲ್ಲೆವು. ಪರೀಕ್ಷೆಯ ಯಂತ್ರವನ್ನು ಗಂಟೆ ಲೆಕ್ಕದ ರೆಡ್ ಹ್ಯಾಟ್ ಮಾಡಿ, ಬೇಕಾದಾಗ ಮಾತ್ರ ಹಚ್ಚುವುದು ಎಂದಾಯಿತು.

ಬೆಲೆಯ ಬಗ್ಗೆ ಒಂದು ಮಾತು. ಡಿಸೆಂಬರ್‌ನಲ್ಲಿ ಮಾಡಿದ ಅಂದಾಜನ್ನು ಫೆಬ್ರವರಿಯಲ್ಲಿ ಹರಿದು ಹಾಕಬೇಕಾಯಿತು. ಕ್ಲೌಡ್‌ನಲ್ಲಿ ರೆಡ್ ಹ್ಯಾಟ್‌ನ ದರ ಮೊದಲು ಸಣ್ಣ ಯಂತ್ರ, ದೊಡ್ಡ ಯಂತ್ರ ಎಂದು ಎರಡೇ ಮಟ್ಟದಲ್ಲಿತ್ತು. 2024ರಲ್ಲಿ ಅದು ಪ್ರೊಸೆಸರ್‌ಗಳ ಎಣಿಕೆಯ ಮೇಲೆ ಹೋಗಲಿದೆ ಎಂದು ಆ ಹೊತ್ತಿಗೆ ತಿಳಿಯಿತು. ಸಣ್ಣ ಯಂತ್ರಕ್ಕೆ ಲಾಭ, ನಮ್ಮ ಡೇಟಾಬೇಸ್‌ನಂಥ ಹದಿನಾರು ಪ್ರೊಸೆಸರ್‌ನ ಯಂತ್ರಕ್ಕೆ ಭಾರ. ಹಗಲೂ ರಾತ್ರಿ ಓಡುವ ನಾಲ್ಕಕ್ಕೆ ವಾರ್ಷಿಕ ಚಂದಾ, ಆಗಾಗ ಓಡುವ ಒಂದಕ್ಕೆ ಗಂಟೆ ಬಾಡಿಗೆ ಎಂಬ ವಿಂಗಡಣೆ ಅಲ್ಲಿಂದ ಹುಟ್ಟಿದ್ದು.

ಠರಾವು ಆದ ಮೇಲೂ ಒಬ್ಬ ಹಿರಿಯ ನಿರ್ದೇಶಕರಿಗೆ ಸಮಾಧಾನವಿರಲಿಲ್ಲ. ಹಳೆಯ ಆವೃತ್ತಿಯ ಸಾಮಾನು ಇಟ್ಟುಕೊಂಡಿರುವ ವ್ಯವಸ್ಥೆಗೆ ಯಾಕೆ ಹಣ, ಹೊಸತು ಪುಕ್ಕಟೆ ಸಿಗುವಾಗ? ಇದಕ್ಕೆ ಉತ್ತರ ವರ್ಷಾಂತ್ಯದ ಗದ್ದಲದ ನಡುವೆ ತಾನಾಗಿ ಬಂತು. ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಂಡ್ ಎಂಬ ಪೋಸ್ಟ್‌ಗ್ರೆಸ್ ಅಭಿವೃದ್ಧಿಗಾರ, ತನ್ನ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದ ಒಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನು ಹತ್ತಿ ಹೋಗಿ, ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದಾರೆ ಎಂದು ಬಯಲು ಮಾಡಿದ. ಡೆಬಿಯನ್‌ನ ಪರೀಕ್ಷಾ ಶಾಖೆ, ಫೆಡೋರಾದ ಬೀಟಾ, ಇಂಥ ಹೊಚ್ಚ ಹೊಸವುಗಳಿಗೆ ಅದು ತಲುಪಿತ್ತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ನ ಯಾವ ಆವೃತ್ತಿಗೂ ತಲುಪಿರಲಿಲ್ಲ, ಏಕೆಂದರೆ ಅವು ಅಷ್ಟು ಬೇಗ ಹೊಸತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿರ್ದೇಶಕರಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ. "ಹಂಗಂದ್ರ ಹಳೇದು ಅನ್ನೂದಕ್ಕ ರೊಕ್ಕ ಕೊಡಾಕತ್ತೀವಿ" ಎಂದು ನಕ್ಕರು.

ಸಾಗಾಟ

ಮೊದಲ ಯತ್ನ, ಇದ್ದ ಯಂತ್ರವನ್ನೇ ಮೇಲೇರಿಸುವುದು. ಅದಕ್ಕೆ ರೆಡ್ ಹ್ಯಾಟ್‌ನ ಲೀಪ್, ಅದರ ಮೇಲೆ ಆಲ್ಮಾದವರು ಕಟ್ಟಿದ ಎಲಿವೇಟ್ ಎಂಬ ಉಪಕರಣಗಳಿವೆ. 7ರಿಂದ 9ಕ್ಕೆ ನೇರ ಜಿಗಿತವಿಲ್ಲ, 8ರಲ್ಲಿ ಇಳಿದು ಹೋಗಬೇಕು. ಪರೀಕ್ಷೆಗೆ ಹಾಕಿದ ನಕಲು ಯಂತ್ರ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿತು. ಐದು ವರ್ಷದಲ್ಲಿ ಯಾರ‍್ಯಾರೋ ಎಲ್ಲೆಲ್ಲಿಂದಲೋ ತಂದು ಹಾಕಿದ ಪ್ಯಾಕೇಜುಗಳು ಒಂದಕ್ಕೊಂದು ತೊಡರಿಕೊಂಡಿದ್ದವು. ಎರಡು ದಿನ ಗುದ್ದಾಡಿ ಬಿಟ್ಟೆವು. ಕ್ಲೌಡ್‌ನಲ್ಲಿ ಹೊಸ ಯಂತ್ರ ಎಬ್ಬಿಸುವುದು ಐದು ನಿಮಿಷದ ಕೆಲಸವಾಗಿರುವಾಗ ಹಳೆಯದನ್ನು ರಿಪೇರಿ ಮಾಡುವ ಹಟ ಯಾಕೆ? ಎಲ್ಲವನ್ನೂ ಹೊಸದಾಗಿ ಕಟ್ಟಿದೆವು.

ಎಸ್‌ಇಲಿನಕ್ಸ್ (ಯಾವ ತಂತ್ರಾಂಶ ಏನು ಮುಟ್ಟಬಹುದು ಎಂದು ನೋಡುವ ಲಿನಕ್ಸ್‌ನ ಕಾವಲು) ಬಗ್ಗೆ: ತಂತ್ರಾಂಶ ಕಂಪನಿಯ ಸೂಚನೆಪತ್ರದ ಮೊದಲ ಸಾಲೇ ಅದನ್ನು ಬಂದ್ ಮಾಡಿ ಎಂದಿತ್ತು. ಎರಡು ವಾರ ಅದನ್ನು, ಏನನ್ನೂ ತಡೆಯದೆ ಬರೇ ದೂರು ದಾಖಲಿಸುವ ಸ್ಥಿತಿಯಲ್ಲಿಟ್ಟು, ದೂರುಗಳನ್ನು ಓದಿ, ನಾಲ್ಕು ನಿಯಮ ಸೇರಿಸಿ ಪೂರ್ತಿ ಹಚ್ಚಿದೆವು. ಏನೂ ಕೆಡಲಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ 180 ದಿನದ ಲಾಗ್ ಭಾರತದಲ್ಲೇ ಉಳಿಸುವ ಏರ್ಪಾಡನ್ನೂ ಇದೇ ಉಸಿರಿನಲ್ಲಿ ಮುಗಿಸಿದೆವು.

ಡೇಟಾಬೇಸ್ ನನ್ನ ಪಾಲು. ಆವೃತ್ತಿ ಬದಲಿಸುವುದು ಬೇಡ, ಎರಡೂ ಕಡೆ ಪೋಸ್ಟ್‌ಗ್ರೆಸ್ 13 ಇರಲಿ ಎಂದೆ. ಹಳೆಯ ಯಂತ್ರದಿಂದ ಹೊಸದಕ್ಕೆ ನಿರಂತರವಾಗಿ ಪ್ರತಿ ಹರಿಯುವಂತೆ ಮಾಡಿ, ಸಮಯ ಬಂದಾಗ ಹೊಸದನ್ನು ಮುಖ್ಯ ಎಂದು ಘೋಷಿಸಿದರಾಯಿತು. ವ್ಯವಹಾರ ನಿಲ್ಲುವುದು ಹತ್ತೇ ನಿಮಿಷ. ಈ ಹತ್ತು ನಿಮಿಷದ ಮೋಹಕ್ಕೆ ಬಿದ್ದದ್ದೇ ನನ್ನ ತಪ್ಪು.

ಚುನಾವಣೆ ಮುಗಿದ ಮೇಲಿನ ಭಾನುವಾರ, ಮೇ 12, ತಾಲೀಮು. ತಂತ್ರಾಂಶ ಕಂಪನಿಯವರು ಸಣ್ಣ ಶಾಖೆ ಮೂರು ಸಾಕು ಎಂದರು: 4, 7, 9. ಮುಖ್ಯ ಕಾರ್ಯನಿರ್ವಾಹಕರು ಒಪ್ಪಲಿಲ್ಲ, ಮುಖ್ಯ ಶಾಖೆಯಿಂದಲೂ ಒಬ್ಬರು ಕೂರಲಿ ಎಂದರು. ಮುಖ್ಯ ಶಾಖೆಯ ಸಂಖ್ಯೆ 1. ಮೂರು ಶಾಖೆಯಲ್ಲಿ ಎಲ್ಲ ಸರಾಗ. ಹನ್ನೊಂದೂವರೆಗೆ ಮುಖ್ಯ ಶಾಖೆಯ ಕ್ಲಾರ್ಕ್ ಅಕ್ಕನವರ ಫೋನ್: "ಸರ, ಖಾತೆ ಪಟ್ಟ್ಯಾಗ ಕಾಣತೈತ್ರಿ. ನಂಬರ್ ಹೊಡದ್ರ ಇಲ್ಲ ಅಂತೈತಿ."

ಮೊದಲಿಗೆ ಟೈಪಿಂಗ್ ತಪ್ಪು ಅಂದುಕೊಂಡೆವು. ಅವರು ಅದೇ ಸಂಖ್ಯೆಯ ಫೋಟೋ ಕಳಿಸಿದರು. ಪರದೆಯ ಮೇಲೆ ಪಟ್ಟಿಯಲ್ಲಿದೆ, ಹುಡುಕಿದರೆ ಇಲ್ಲ. ಅವರೇ ಇನ್ನೂ ಹತ್ತು ಖಾತೆ ಹೊಡೆದು ನೋಡಿದರು, ಮೂರು ಇಲ್ಲ, ಏಳು ಇದೆ. ಇಂಡೆಕ್ಸ್ (ಬೇಗ ಹುಡುಕಲು ಕ್ರಮದಲ್ಲಿ ಬರೆದಿಟ್ಟ ಸೂಚಿ) ಬಳಸದೆ ಇಡೀ ಕೋಷ್ಟಕ ಓದು ಎಂದು ಡೇಟಾಬೇಸ್‌ಗೆ ಹೇಳಿದಾಗ ಆ ಮೂರೂ ಸಿಕ್ಕವು. ಇಂಡೆಕ್ಸ್ ತಪಾಸಣೆಯ ಆಮ್‌ಚೆಕ್ ಓಡಿಸಿದರೆ, ಕ್ರಮ ತಪ್ಪಿದೆ ಎಂದು ಬಂತು. ಆಗ ನನಗೆ ನೆನಪಾಯಿತು. ಎಂದೋ ಓದಿದ್ದೆ, ಮರೆತಿದ್ದೆ.

ಪೋಸ್ಟ್‌ಗ್ರೆಸ್ ಪಠ್ಯವನ್ನು ಕ್ರಮದಲ್ಲಿಡಲು ರೂಢಿಯಂತೆ ಆಪರೇಟಿಂಗ್ ಸಿಸ್ಟಂನ ಸಿ ಲೈಬ್ರರಿಯನ್ನೇ ನಂಬುತ್ತದೆ. ಆ ಲೈಬ್ರರಿಯ ಹೆಸರು ಜಿಲಿಬ್‌ಸಿ. ಸೆಂಟ್‌ಓಎಸ್ 7ರಲ್ಲಿರುವುದು ಅದರ 2.17ನೇ ಆವೃತ್ತಿ. ರೆಡ್ ಹ್ಯಾಟ್ 9ರಲ್ಲಿರುವುದು 2.34. ನಡುವೆ 2018ರಲ್ಲಿ ಬಂದ 2.28ರಲ್ಲಿ ಅಕ್ಷರಾನುಕ್ರಮದ ನಿಯಮಗಳನ್ನೇ ಬದಲಿಸಿದರು. ನಮ್ಮ ಕನ್ನಡ ನಿಘಂಟುಗಳಲ್ಲಿ ಕ್ಷ ಬರುವುದು ಕ ಅಕ್ಷರದ ಒಳಗೆ. ಶಾಲೆಯ ವರ್ಣಮಾಲೆಯ ಪಟದಲ್ಲಿ ಕ್ಷ, ಜ್ಞ ಕೊನೆಯಲ್ಲಿ, ಳ ಆದ ಮೇಲೆ. ಒಬ್ಬರು ನಿಘಂಟಿನ ರೂಢಿಯಲ್ಲಿ ಸದಸ್ಯರ ರಿಜಿಸ್ಟರ್ ಬರೆದು ಹೋಗಿದ್ದಾರೆ, ಮರುದಿನ ಬಂದವರು ಪಟದ ರೂಢಿಯಲ್ಲಿ ಕೊನೆಯ ಹಾಳೆ ತಿರುವಿ "ಕ್ಷಮಾ ಎಂಬ ಸದಸ್ಯರೇ ಇಲ್ಲ" ಎನ್ನುತ್ತಾರೆ. ಹೆಸರು ಅಲ್ಲೇ ಇದೆ. ನಮ್ಮ ಇಂಡೆಕ್ಸ್‌ಗೆ ಆದದ್ದು ಇದೇ. ಹಳೆಯ ಯಂತ್ರ ಬರೆದ ಇಂಡೆಕ್ಸ್ ಪ್ರತಿ ಹರಿದು ಹೊಸ ಯಂತ್ರಕ್ಕೆ ಬಂದಿತ್ತು. ಹೊಸ ಯಂತ್ರ ಅದನ್ನು ಹೊಸ ನಿಯಮದಲ್ಲಿ ಓದುತ್ತಿತ್ತು.

ನಮ್ಮಲ್ಲಿ ಎಡವಿಸಿದ್ದು ಕನ್ನಡ ಅಕ್ಷರವಲ್ಲ, ಒಂದು ಅಡ್ಡಗೆರೆ. ಖಾತೆ ಸಂಖ್ಯೆ ಶಾಖೆ-ಕ್ರಮಸಂಖ್ಯೆ ರೂಪದಲ್ಲಿ ಪಠ್ಯವಾಗಿ ಉಳಿದಿತ್ತು: 1-1204, 11-204. ಹಳೆಯ ನಿಯಮ ಅಡ್ಡಗೆರೆಯನ್ನು ಮೊದಲ ಸುತ್ತಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಆ ಎರಡು ಖಾತೆಗಳೂ ಅಕ್ಕಪಕ್ಕ. ಹೊಸ ನಿಯಮದಲ್ಲಿ ಅಡ್ಡಗೆರೆಗೂ ತೂಕವಿದೆ, 1ನೇ ಶಾಖೆಯದೆಲ್ಲ ಮೊದಲು, 11ರದು ಆಮೇಲೆ. ಎರಡೇ ಸಾಲಿನ ಕಡತ ಮಾಡಿ ನೋಡಬಹುದು: 11 ಮತ್ತು 1-1. ಇಂಗ್ಲಿಷ್ ಯುಟಿಎಫ್-8 ಲೊಕೇಲ್‌ನಲ್ಲಿ (ಭಾಷೆಯ ನಿಯಮಗಳ ಹೊಂದಿಕೆಯಲ್ಲಿ) ಸಾರ್ಟ್ ಮಾಡಿದರೆ ಹಳೆಯ ಯಂತ್ರ 11 ಅನ್ನು ಮೇಲೆ ಇಡುತ್ತದೆ, ಹೊಸತು 1-1 ಅನ್ನು. 3ರಿಂದ 9ರವರೆಗಿನ ಶಾಖೆಗಳಿಗೆ ಈ ಗೊಂದಲವಿಲ್ಲ, ಏಕೆಂದರೆ 30ನೇ, 40ನೇ ಶಾಖೆಗಳು ಇಲ್ಲವೇ ಇಲ್ಲ. 1 ಮತ್ತು 2ನೇ ಶಾಖೆ ಮಾತ್ರ 10ರಿಂದ 23ರವರೆಗಿನವುಗಳ ಜೊತೆ ಬೆರೆಯುತ್ತಿದ್ದವು. ತಂತ್ರಾಂಶ ಕಂಪನಿ ಹೇಳಿದ 4, 7, 9ರಲ್ಲೇ ತಾಲೀಮು ಮುಗಿಸಿದ್ದರೆ ಏನೂ ಕಾಣದೆ ಜೂನ್‌ನಲ್ಲಿ ಸಾಗಿಬಿಡುತ್ತಿದ್ದೆವು. ಖಾತೆ ಸಿಗದಿರುವುದು ಸಣ್ಣ ತೊಂದರೆ. ಈ ಸ್ಥಿತಿಯಲ್ಲಿ ಹೊಸ ಖಾತೆ ತೆರೆದರೆ, ಒಂದೇ ಸಂಖ್ಯೆ ಎರಡು ಸಲ ಇರಬಾರದು ಎಂಬ ಕಾವಲೂ ಅದೇ ಇಂಡೆಕ್ಸ್ ಮೇಲೆ ನಿಂತಿರುವುದರಿಂದ, ಇಬ್ಬರಿಗೆ ಒಂದೇ ಸಂಖ್ಯೆ ಬೀಳಬಹುದಿತ್ತು.

ಮಾರ್ಚ್‌ಗೆ ಮೊದಲು ಮಾಡಿದ ಪರೀಕ್ಷೆಗಳಲ್ಲಿ ಇದು ಯಾಕೆ ಕಾಣಲಿಲ್ಲ? ಪರೀಕ್ಷೆಯ ಯಂತ್ರಕ್ಕೆ ಡೇಟಾವನ್ನು ಡಂಪ್ ತೆಗೆದು, ಅಂದರೆ ಪೂರ್ತಿ ಕಡತಕ್ಕೆ ಇಳಿಸಿಕೊಂಡು, ತುಂಬಿದ್ದೆವು. ಡಂಪ್‌ನಿಂದ ತುಂಬುವಾಗ ಇಂಡೆಕ್ಸ್ ಹೊಸ ಯಂತ್ರದಲ್ಲೇ ಹೊಸದಾಗಿ ಹುಟ್ಟುತ್ತದೆ, ತಪ್ಪುವ ಮಾತೇ ಇಲ್ಲ. ಪರೀಕ್ಷಿಸಿದ್ದು ಒಂದು ದಾರಿ, ಹೋಗಹೊರಟದ್ದು ಇನ್ನೊಂದು. ಪೋಸ್ಟ್‌ಗ್ರೆಸ್ 15ರಿಂದ ಇಂಥ ವ್ಯತ್ಯಾಸಕ್ಕೆ ಡೇಟಾಬೇಸ್ ಮಟ್ಟದಲ್ಲೇ ಎಚ್ಚರಿಕೆ ಬರುತ್ತದೆ. ನಮ್ಮದು 13, ಅದು ಮೌನವಾಗಿತ್ತು.

ಹತ್ತು ನಿಮಿಷದ ಆಸೆ ಬಿಟ್ಟೆವು. ಡಂಪ್ ತೆಗೆದು ಹೊಸದಾಗಿ ತುಂಬುವುದು, ಖಾತೆ ಸಂಖ್ಯೆಯ ಕಾಲಮ್ಮುಗಳನ್ನು ಭಾಷೆಯ ನಿಯಮ ನೋಡದೆ ಬೈಟ್ ಕ್ರಮದಲ್ಲೇ ಇಡುವ ಸಿ ಕೊಲೇಷನ್‌ಗೆ ಬದಲಿಸುವುದು. ಮೇ 26ರ ಎರಡನೇ ತಾಲೀಮಿನಲ್ಲಿ ಆರೂವರೆ ಗಂಟೆ ಹಿಡಿಯಿತು. ಅದೇ ಕ್ಲಾರ್ಕ್ ಅಕ್ಕನವರು 1, 11, 2, 20ನೇ ಶಾಖೆಗಳ ಖಾತೆ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದು ಒಂದೊಂದಾಗಿ ಹೊಡೆದರು. ಜೂನ್ 8, ಎರಡನೇ ಶನಿವಾರ, ರಾತ್ರಿ ನಿಜವಾದ ಸಾಗಾಟ. ಭಾನುವಾರ ಬೆಳಿಗ್ಗೆ ಹೊತ್ತಿಗೆ ಎಲ್ಲ ಸಜ್ಜಾಗಿತ್ತು. ಹುಬ್ಬಳ್ಳಿಗೆ ಮರಳುವಾಗ ಅಣ್ಣಿಗೇರಿಯಲ್ಲಿ ಗಾಡಿ ನಿಲ್ಲಿಸಿ ಗಿರ್ಮಿಟ್, ಮಿರ್ಚಿ ತಿಂದೆವು.

ಸೋಮವಾರ ಸಂಜೆ

ಎರಡನೇ ತಪ್ಪು ಸೋಮವಾರ ಸಂಜೆ ಏಳಕ್ಕೆ ಬಂತು. "ಲೆಕ್ಕ ಹೋಗವಲ್ದ್ರಿ ಸರ" ಎಂದು ಪಿಗ್ಮಿ ಏಜೆಂಟರ ಫೋನ್ ಒಂದರ ಹಿಂದೆ ಒಂದು. ಕೈಯಂತ್ರಗಳು ಹಳೆಯ ಕಾಲದವು, ಜಾಲದಲ್ಲಿ ಹೋಗುವ ಮಾತನ್ನು ಗುಟ್ಟಾಗಿಡುವ ವಿಧಾನದಲ್ಲಿ ಹಳೆಯ ಟಿಎಲ್‌ಎಸ್ 1.0 ಬಿಟ್ಟು ಬೇರೆ ಬಾರದು. ರೆಡ್ ಹ್ಯಾಟ್ 8ರಿಂದ ಈಚೆಗೆ, ಅದರ ಪಡಿಯಚ್ಚುಗಳಲ್ಲೂ, ಇಡೀ ಯಂತ್ರಕ್ಕೆ ಒಂದು ಗೂಢಲಿಪಿ ನೀತಿ ಇರುತ್ತದೆ. ಆರಂಭದ ನೀತಿಯಲ್ಲಿ ಟಿಎಲ್‌ಎಸ್ 1.0, 1.1 ಎರಡಕ್ಕೂ ಬಾಗಿಲು ಮುಚ್ಚಿದೆ. ಎರಡೂ ತಾಲೀಮು ಭಾನುವಾರ, ಎರಡೂ ಮಧ್ಯಾಹ್ನ ನಾಲ್ಕಕ್ಕೆ ಮುಗಿದಿದ್ದವು. ಏಜೆಂಟರು ಲೆಕ್ಕ ಕಳಿಸುವ ಹೊತ್ತಿಗೆ ನಾವು ಮನೆಯಲ್ಲಿದ್ದೆವು.

ಹಳೆಯ ಯಂತ್ರಗಳನ್ನು ಬಂದ್ ಮಾಡಿದ್ದೆವು, ಅಳಿಸಿರಲಿಲ್ಲ. ಲೆಕ್ಕ ಸ್ವೀಕರಿಸುವ ಹಳೆಯ ಯಂತ್ರವನ್ನು ಎಬ್ಬಿಸಿ, ಅದರಿಂದ ಹೊಸ ಡೇಟಾಬೇಸ್‌ಗೆ ದಾರಿ ಮಾಡಿ, ಆ ರಾತ್ರಿಯ ಡೇ ಎಂಡ್ ಹನ್ನೆರಡೂಕಾಲಕ್ಕೆ ಮುಗಿಸಿದೆವು. ಎರಡು ದಿನದಲ್ಲಿ ಆಲ್ಮಾ 8ರ ಒಂದು ಪುಟ್ಟ ಯಂತ್ರ ಕಟ್ಟಿ, ಅದೊಂದಕ್ಕೆ ಮಾತ್ರ ಹಳೆಯ ಟಿಎಲ್‌ಎಸ್ ಅನ್ನೂ ಒಪ್ಪುವ ಲೆಗಸಿ ನೀತಿ ಹಾಕಿ, ಸಿಮ್‌ಗಳ ಖಾಸಗಿ ಜಾಲದಿಂದ ಮಾತ್ರ ತಲುಪುವಂತೆ ಮಾಡಿದೆವು. ತಂಡದ ಒಬ್ಬರು ಎಲ್ಲ ಯಂತ್ರಕ್ಕೂ ಸಡಿಲ ನೀತಿ ಹಾಕಿಬಿಡೋಣ, ಆಮೇಲೆ ಬಿಗಿ ಮಾಡಿದರಾಯಿತು ಎಂದಿದ್ದರು. ಆಮೇಲೆ ಎಂಬುದು ನಮ್ಮ ಕಸುಬಿನಲ್ಲಿ ಬರುವುದಿಲ್ಲ, ಹಾಗಾಗಿ ಬೇಡವೆಂದೆ. ಹನ್ನೊಂದನೆಯ ಈ ಯಂತ್ರಕ್ಕೆ ಒಂದು ಸಾಯುವ ದಿನಾಂಕ ನಿಗದಿ ಮಾಡಿ, ಮಂಡಳಿಯ ನಡಾವಳಿಯಲ್ಲಿ ಬರೆಸಿದೆವು: ನವೆಂಬರ್ 30. ಕೈಯಂತ್ರಗಳ ಬದಲು ಮೊಬೈಲ್ ಆ್ಯಪ್ ಬಂದು, ಆ ದಿನಕ್ಕೆ ನಾಲ್ಕು ದಿನ ಮೊದಲೇ ಅದನ್ನು ಅಳಿಸಿದೆವು.

ಆಮೇಲಿನದು

ಜುಲೈ 1ರಂದು, ಸೆಂಟ್‌ಓಎಸ್ 7 ಸತ್ತ ಮರುದಿನವೇ, ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ರಂಧ್ರವೊಂದು ಬಯಲಾಯಿತು. ತಮಾಷೆಯೆಂದರೆ ಹಳೆಯ 7ರಲ್ಲಿದ್ದ ಆವೃತ್ತಿಗೆ ಅದು ತಾಗುವುದಿಲ್ಲ, 8ಕ್ಕೂ ಇಲ್ಲ. ತಾಗುವುದು 9ಕ್ಕೆ. ಇನ್ನೂ ತಮಾಷೆಯೆಂದರೆ ಆಲ್ಮಾ 9ಕ್ಕೆ ತಿದ್ದುಪಡಿ ಅಂದೇ ಬಂತು, ಹಣ ಕೊಟ್ಟ ರೆಡ್ ಹ್ಯಾಟ್ 9ಕ್ಕೆ ಜುಲೈ 3ರಂದು. ನಮ್ಮ ಎಸ್‌ಎಸ್‌ಎಚ್ ವಿಪಿಎನ್ ಒಳಗಿನಿಂದ ಮಾತ್ರ ತೆರೆಯುತ್ತದೆ, ಲಾಗಿನ್ ಕಾಯುವ ಅವಧಿಯನ್ನು ಸೊನ್ನೆ ಮಾಡಿದರೆ ತಾತ್ಕಾಲಿಕ ರಕ್ಷಣೆಯೂ ಇತ್ತು, ಹಾಗಾಗಿ ಗಾಬರಿಯಾಗಲಿಲ್ಲ. ಆದರೆ ಹಿರಿಯ ನಿರ್ದೇಶಕರು ಮುಂದಿನ ಸಭೆಯಲ್ಲಿ ಕೇಳದೆ ಬಿಡಲಿಲ್ಲ: ಹಾಗಾದರೆ ಹಣ ಯಾವುದಕ್ಕೆ? ಪ್ಯಾಚ್ ಮೊದಲು ಸಿಗುವುದಕ್ಕೆ ಎಂದು ನಾವು ಎಂದೂ ಹೇಳಿರಲಿಲ್ಲ. ಕೊಂಡಿ ತಂತ್ರಾಂಶದವರ ಪಟ್ಟಿಯಲ್ಲಿ ಇರುವುದಕ್ಕೆ, ರಾತ್ರಿ ಹತ್ತಕ್ಕೆ ಫೋನ್ ಎತ್ತುವುದಕ್ಕೆ. ಆಗಸ್ಟ್‌ನಲ್ಲಿ ಒಂದು ರಾತ್ರಿ ಡೇಟಾಬೇಸ್ ಯಂತ್ರದ ಡಿಸ್ಕ್ ಬರವಣಿಗೆ ನಿಂತು ನಿಂತು ಓಡಿದಾಗ ಎತ್ತಿದರು, ಎರಡು ಗಂಟೆ ಜೊತೆಗಿದ್ದರು. ಕಾರಣ ಅವರ ಕಡೆಯದಲ್ಲ, ನಾವು ಕ್ಲೌಡ್‌ನಲ್ಲಿ ಆರಿಸಿದ್ದ ಡಿಸ್ಕ್ ದರ್ಜೆಯದು. ಅದನ್ನು ತೋರಿಸಿಕೊಟ್ಟದ್ದು ಅವರೇ.

ಈಗ ಇದೇ ಕೆಲಸಕ್ಕೆ ಯಾರಾದರೂ ಕರೆದರೆ ನಾನು ಕ್ರಮ ತಿರುವಿ ಹಾಕುತ್ತೇನೆ. ಮೊದಲು, ಸೋರ್ಸ್ ಸಿಗದ ತಂತ್ರಾಂಶಗಳವರ ಒಪ್ಪಿಗೆಯ ಪಟ್ಟಿ ತರಿಸುವುದು. ಎರಡನೆಯದು, ಸರ್ವರ್‌ನ ಜೊತೆ ಮಾತಾಡುವ ಅತಿ ಹಳೆಯ ಉಪಕರಣ ಯಾವುದು ಎಂದು ಊರೂರು ತಿರುಗಿ ನೋಡುವುದು. ತೂಕದ ಯಂತ್ರ, ಕೈಯಂತ್ರ, ಮೂಲೆಯ ಶಾಖೆಯ ಹಳೆಯ ವಿಂಡೋಸ್ ಕಂಪ್ಯೂಟರ್, ಏನೇ ಇರಲಿ. ಲಿನಕ್ಸ್‌ಗಳ ಹೋಲಿಕೆ ಅದರ ನಂತರ, ಅದಕ್ಕೆ ಒಂದು ವಾರ ಸಾಕು. ತಾಲೀಮಿಗೆ ಒಂದು ಕೆಲಸದ ದಿನವೇ ಬೇಕು, ಡೇ ಎಂಡ್ ಮುಗಿಯುವವರೆಗೆ.

ಒಂದು ಗಂಟು ಬಿಚ್ಚಿಲ್ಲ. ರೆಡ್ ಹ್ಯಾಟ್ 8ರ ಬೆಂಬಲ 2029ರ ಮೇ 31ಕ್ಕೆ ಮುಗಿಯುತ್ತದೆ, 9ರದು 2032ರ ಮೇ 31ಕ್ಕೆ. ಕೊಂಡಿ ತಂತ್ರಾಂಶದವರು 9ಕ್ಕೆ ಒಪ್ಪಿಗೆ ಯಾವಾಗ ಎಂದು ಇನ್ನೂ ಹೇಳಿಲ್ಲ. ಎರಡು ಪತ್ರ ಬರೆದಿದ್ದೇವೆ, ಎರಡಕ್ಕೂ "ಪರಿಶೀಲನೆಯಲ್ಲಿದೆ" ಎಂದು ಉತ್ತರ. ಮುಖ್ಯ ಕಾರ್ಯನಿರ್ವಾಹಕರು ಆ ಎರಡು ದಿನಾಂಕಗಳನ್ನು ತಮ್ಮ ಮೇಜಿನ ಗಾಜಿನ ಕೆಳಗೆ, ಲೆಕ್ಕಪರಿಶೋಧಕರ ಗೆರೆ ಎಳೆದ ಹಾಳೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಹೋದಾಗಲೆಲ್ಲ ಬೆರಳಿಟ್ಟು ತೋರಿಸುತ್ತಾರೆ.